ಮಲಗುವ ಮುನ್ನ ರೊಟ್ಟಿ: ಸ್ನಾಯು ಬೆಳೆಸುವವರ ರಾತ್ರಿಯೂಟ

ಹುಬ್ಬಳ್ಳಿ-ಧಾರವಾಡದಲ್ಲಿ ಕೆಲಸ ಮುಗಿಸಿ ಸಂಜೆ ಜಿಮ್‌ಗೆ ಹೋಗುವ ಹಲವರು ರಾತ್ರಿ ರೊಟ್ಟಿ ಮತ್ತು ಅನ್ನವನ್ನು ದೂರವಿಟ್ಟು, ಎರಡು ಮೊಟ್ಟೆ ತಿಂದು ಮಲಗುತ್ತಾರೆ. ಕತ್ತಲಾದ ಮೇಲೆ ತಿಂದ ಕಾರ್ಬೋಹೈಡ್ರೇಟ್ ಎಲ್ಲವೂ ಬೊಜ್ಜಾಗುತ್ತದೆ ಎಂಬ ನಂಬಿಕೆ ಇದಕ್ಕೆ ಕಾರಣ. ಒಂದು ಗ್ರಾಂ ಕಾರ್ಬೋಹೈಡ್ರೇಟ್ ಬೆಳಿಗ್ಗೆ ಕೊಡುವುದೂ ರಾತ್ರಿ ಕೊಡುವುದೂ ಸುಮಾರು 4 ಕ್ಯಾಲರಿಯೇ. ಬೊಜ್ಜು ಬೆಳೆಯುವುದು ಮುಖ್ಯವಾಗಿ ಇಡೀ ದಿನದ ಊಟ ದಿನದ ಖರ್ಚನ್ನು ಬಹಳವಾಗಿ ಮೀರಿದಾಗ. ಸ್ನಾಯು ಬೆಳೆಸಲು ಖರ್ಚಿಗಿಂತ ತುಸು ಹೆಚ್ಚು ತಿನ್ನಬೇಕಾಗಿರುವುದರಿಂದ, ರಾತ್ರಿಯೂಟವನ್ನು ಅರ್ಧಕ್ಕಿಳಿಸಿದವರ ಲೆಕ್ಕ ಅಲ್ಲಿಯೇ ತಪ್ಪುತ್ತದೆ.

ಹಾಗೆಂದು ಕಾರ್ಬೋಹೈಡ್ರೇಟ್ ಸ್ನಾಯುವನ್ನು ಕಟ್ಟುವುದಿಲ್ಲ; ಕಟ್ಟುವುದು ಪ್ರೋಟೀನ್. ಕಾರ್ಬೋಹೈಡ್ರೇಟ್ ಮಾಡುವ ಕೆಲಸವೆಂದರೆ, ತೂಕ ಎತ್ತುವಾಗ ಖರ್ಚಾಗಿ ಕರಗಿದ ಗ್ಲೈಕೋಜೆನ್ (ಸ್ನಾಯು ಕೂಡಿಟ್ಟುಕೊಳ್ಳುವ ಸಕ್ಕರೆ) ದಾಸ್ತಾನನ್ನು ಮತ್ತೆ ತುಂಬಿ, ಮರುದಿನದ ವ್ಯಾಯಾಮಕ್ಕೆ ಬಲ ಉಳಿಸುವುದು. ದಾಸ್ತಾನು ಚೆನ್ನಾಗಿ ಕರಗಿದ್ದರೆ ಅದು ಪೂರ್ತಿ ತುಂಬಲು ಒಂದು ದಿನವೇ ಹಿಡಿಯಬಹುದು. ಆದ್ದರಿಂದ ರಾತ್ರಿ ಎಂಟಕ್ಕೆ ಜಿಮ್ ಬಿಟ್ಟು ಮರುದಿನ ಬೆಳಿಗ್ಗೆ ಓಟಕ್ಕೋ ಆಟಕ್ಕೋ ಇಳಿಯುವವರಿಗೆ ರಾತ್ರಿಯ ರೊಟ್ಟಿ ಬೇಕೇ ಬೇಕು. ಮರುದಿನ ಸಂಜೆಯೇ ವ್ಯಾಯಾಮ ಮಾಡುವವರು ದಿನದ ಒಟ್ಟು ಪ್ರಮಾಣವನ್ನು ನೋಡಿಕೊಂಡರೆ ಸಾಕು.

ಮೊದಲು ದಿನದ ಲೆಕ್ಕ ಹಾಕಿಕೊಳ್ಳಿ. ದೇಹದ ತೂಕದ ಪ್ರತಿ ಕಿಲೋಗೆ ಸುಮಾರು 1.6 ಗ್ರಾಂ ಪ್ರೋಟೀನ್ ಮತ್ತು 4ರಿಂದ 5 ಗ್ರಾಂ ಕಾರ್ಬೋಹೈಡ್ರೇಟ್ ಎಂದು ಹಿಡಿದರೆ, 70 ಕಿಲೋ ತೂಗುವವರಿಗೆ ಕ್ರಮವಾಗಿ 112 ಗ್ರಾಂ ಮತ್ತು 280ರಿಂದ 350 ಗ್ರಾಂ ಬೇಕು. ಇದರ ಮೂರನೇ ಒಂದು ಭಾಗವನ್ನು ರಾತ್ರಿಗೆ ಇಟ್ಟುಕೊಳ್ಳಬಹುದು.

ಇದಕ್ಕೆ ಡಬ್ಬಿಯ ಪುಡಿಗಳನ್ನು ಹುಡುಕುವ ಅಗತ್ಯವಿಲ್ಲ, ನಮ್ಮ ಕಡೆಯ ತಾಟಿನಲ್ಲಿಯೇ ಅದು ಬಹುಮಟ್ಟಿಗೆ ಇದೆ. ತಲಾ 45 ಗ್ರಾಂ ಹಿಟ್ಟಿನ ಮೂರು ಜೋಳದ ರೊಟ್ಟಿಗಳಲ್ಲಿ ಸುಮಾರು 90 ಗ್ರಾಂ ಕಾರ್ಬೋಹೈಡ್ರೇಟ್ ಮತ್ತು 13 ಗ್ರಾಂ ಪ್ರೋಟೀನ್ ಸಿಗುತ್ತದೆ. ಜೊತೆಗೆ 50 ಗ್ರಾಂ ಕಡಲೆಹಿಟ್ಟಿನ ಝುಣಕ ಮತ್ತು ಒಂದು ಬಟ್ಟಲು ಮೊಸರು ಸೇರಿದರೆ ಪ್ರೋಟೀನ್ 30 ಗ್ರಾಂ ಮುಟ್ಟುತ್ತದೆ. ಝುಣಕದ ಬದಲು ಮಡಿಕೆ ಕಾಳಿನ ಪಲ್ಯವೂ ಆದೀತು. ಬರೀ ರೊಟ್ಟಿ ಮತ್ತು ಬದನೆಕಾಯಿ ಎಣ್ಣೆಗಾಯಿಯಲ್ಲಿ ಮುಗಿಸಿದರೆ ಮಾತ್ರ ಪ್ರೋಟೀನ್ ಕಡಿಮೆ ಬೀಳುತ್ತದೆ. ಶೇಂಗಾ ಚಟ್ನಿಯನ್ನು ಧಾರಾಳವಾಗಿ ಹಾಕಿಕೊಂಡು ಅದನ್ನು ತುಂಬಿಸಿಕೊಳ್ಳಲು ಹೋದರೆ ಪ್ರೋಟೀನಿಗಿಂತ ಕೊಬ್ಬೇ ಹೆಚ್ಚು ಸೇರುತ್ತದೆ.

ಈ ಊಟ ಮಲಗುವುದಕ್ಕೆ ಎರಡು ಮೂರು ತಾಸು ಮೊದಲೇ ಮುಗಿಯಬೇಕು, ಇಲ್ಲವಾದರೆ ಎದೆಯುರಿ ಕಾಡಿ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಸ್ನಾಯುವಿನ ಚೇತರಿಕೆಯೂ ಕುಂಟುತ್ತದೆ. ಮನೆ ಮುಟ್ಟುವಾಗಲೇ ಹತ್ತಾಗುವವರು ವ್ಯಾಯಾಮಕ್ಕೆ ಮುಂಚೆ ಎರಡು ರೊಟ್ಟಿ ತಿಂದು, ರಾತ್ರಿ ಮೊಸರನ್ನ ಮತ್ತು ಮೊಟ್ಟೆಯಂಥ ಹಗುರ ಊಟ ಮಾಡುವುದು ಒಳ್ಳೆಯದು.

ಮಲಗುವ ಹೊತ್ತಿಗೆ ಮತ್ತೆ ಹಸಿವಾದರೆ ಒಂದು ಬಾಳೆಹಣ್ಣು ಮತ್ತು ಒಂದು ಲೋಟ ಹಾಲು ಸಾಕು. ಗರಡಿಮನೆಯ ಪೈಲ್ವಾನರು ಹಾಲನ್ನು ಬಿಡದಿರುವುದಕ್ಕೆ ಅರ್ಥವಿದೆ: ಹಾಲಿನ ಪ್ರೋಟೀನಿನಲ್ಲಿ ಶೇ. 80ರಷ್ಟು ನಿಧಾನವಾಗಿ ಜೀರ್ಣವಾಗುವ ಕೇಸೀನ್. ಸಂಜೆ ವ್ಯಾಯಾಮ ಮಾಡಿ, ಮಲಗುವ ಮುನ್ನ 40 ಗ್ರಾಂ ಕೇಸೀನ್ ಸೇವಿಸಿದವರಲ್ಲಿ ರಾತ್ರಿಯಿಡೀ ಸ್ನಾಯು ಕಟ್ಟುವ ಕ್ರಿಯೆ ಹೆಚ್ಚಿದ್ದನ್ನು ನೆದರ್‌ಲ್ಯಾಂಡ್ಸ್‌ನ ಮಾಸ್ಟ್ರಿಕ್ಟ್ ವಿಶ್ವವಿದ್ಯಾಲಯದ ಸಂಶೋಧಕರು 2012ರಲ್ಲಿ ತೋರಿಸಿದರು. 250 ಮಿಲಿಲೀಟರ್ ಹಾಲಿನಲ್ಲಿರುವ ಪ್ರೋಟೀನ್ ಸುಮಾರು 8 ಗ್ರಾಂ ಮಾತ್ರವಾದ್ದರಿಂದ, ಲೋಟದ ಹಾಲು ಊಟದ ಜಾಗ ತುಂಬಲಾರದು.

ಸಕ್ಕರೆ ಕಾಯಿಲೆ ಅಥವಾ ಮೂತ್ರಪಿಂಡದ ತೊಂದರೆ ಇರುವವರು ಇದನ್ನು ವೈದ್ಯರನ್ನು ಕೇಳಿಯೇ ಅನುಸರಿಸಬೇಕು. ಉಳಿದವರು ವಾರಕ್ಕೊಮ್ಮೆ ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ತೂಕ ನೋಡಲಿ. 70 ಕಿಲೋ ಇರುವವರಿಗೆ ವಾರಕ್ಕೆ 200ರಿಂದ 350 ಗ್ರಾಂ ಏರಿದರೆ ಸರಿ. ಅದಕ್ಕಿಂತ ವೇಗವಾಗಿ ಏರಿ ಪ್ಯಾಂಟಿನ ಸೊಂಟ ಬಿಗಿಯತೊಡಗಿದರೆ, ಮೊದಲು ಸಂಜೆಯ ಗಿರ್ಮಿಟ್ಟಿನ ಜೊತೆಗಿನ ಮಿರ್ಚಿ ಭಜಿಯನ್ನು ಬಿಡಿ. ಆಮೇಲೂ ಇಳಿಯದಿದ್ದರೆ ರಾತ್ರಿಯ ಒಂದು ರೊಟ್ಟಿಯನ್ನು ಅರ್ಧ ಮಾಡಿ.