ಹವಾಸಾದ ಲೈನು, ನನ್ನ ಕಾಸ್ಟಿಂಗ್ ಶೀಟು

ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹೆಲ್ಪರ್ ಆಗಿ ಸೇರಿದವನು ನಾನು. ಪ್ರೊಡಕ್ಷನ್ ಮ್ಯಾನೇಜರ್ ಆಗೋ ಹೊತ್ತಿಗೆ ತಲೆ ಅರ್ಧ ನರೆದಿತ್ತು. 2018ರಲ್ಲಿ ಕಂಪನಿ ನನ್ನನ್ನು ಇಥಿಯೋಪಿಯಾದ ಹವಾಸಾಕ್ಕೆ ಕಳಿಸಿತು. ಅಡಿಸ್ ಅಬಾಬಾದಿಂದ ದಕ್ಷಿಣಕ್ಕೆ ಸುಮಾರು 275 ಕಿ.ಮೀ. ಅಲ್ಲಿ 2016ರಲ್ಲಿ ದೊಡ್ಡ ಇಂಡಸ್ಟ್ರಿಯಲ್ ಪಾರ್ಕ್ ಉದ್ಘಾಟನೆಯಾಗಿತ್ತು. ಕಟ್ಟಿದ ಶೆಡ್ ಬಾಡಿಗೆಗೆ ಸಿಗುತ್ತಿತ್ತು. ಅಗೋವಾ ಅನ್ನೋ ಅಮೆರಿಕದ ಕಾಯ್ದೆಯಿಂದಾಗಿ ಅಲ್ಲಿ ಹೊಲಿದ ಬಟ್ಟೆಗೆ ಅಮೆರಿಕದಲ್ಲಿ ಆಮದು ಸುಂಕವೂ ಇರಲಿಲ್ಲ.

ಹೊರಡುವ ಮುಂಚೆ ಕಾಸ್ಟಿಂಗ್ ಶೀಟ್, ಅಂದರೆ ಖರ್ಚಿನ ಲೆಕ್ಕದ ಪಟ್ಟಿ, ಮಾಡಿದ್ದು ನಾನೇ. ಬೆಂಗಳೂರಿನ ಕಾಲಂನಲ್ಲಿ ಕನಿಷ್ಠ ವೇತನ, ಪಿಎಫ್, ಇಎಸ್‌ಐ, ಮಕ್ಕಳ ಕ್ರೆಷ್. ಹವಾಸಾದ ಕಾಲಂನಲ್ಲಿ ಪೆನ್ಷನ್ ಉಂಟು, ಆದರೆ ಕನಿಷ್ಠ ವೇತನದ ಎದುರು ಬರೆಯೋಕೆ ಅಂಕಿಯೇ ಇಲ್ಲ. ಖಾಸಗಿ ಕಂಪನಿಗಳಿಗೆ ಅಲ್ಲಿ ಅಂಥ ಕಟ್ಟಳೆ ಇರಲಿಲ್ಲ. ಪಾರ್ಕಿನಲ್ಲಿ ಮೂಲ ಸಂಬಳ ತಿಂಗಳಿಗೆ 26 ಡಾಲರ್ ಆಸುಪಾಸು. ಆಗಿನ ಲೆಕ್ಕದಲ್ಲಿ ನಮ್ಮ 1,800 ರೂಪಾಯಿ. ಬೆಂಗಳೂರಿನ ಟೈಲರ್‌ಗೆ ಇದರ ನಾಲ್ಕು ಪಟ್ಟಾದರೂ ಕೊಡಬೇಕಿತ್ತು.

ನನಗೆ 2016ರ ಏಪ್ರಿಲ್ ನೆನಪಾಯಿತು. ಪಿಎಫ್ ಹಣ ತೆಗೆಯೋ ನಿಯಮ ಬದಲಿಸಿದರು ಅಂತ ನಮ್ಮ ಗಾರ್ಮೆಂಟ್ಸ್ ಹೆಂಗಸರು ಬೀದಿಗಿಳಿದು ಹೊಸೂರು ರೋಡ್ ಕಟ್ಟಿದ್ದರು. ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ನಿಯಮ ವಾಪಸ್ ತಗೊಂಡಿತು. ಇಂಥ ಜಗಳಗಳಿಂದ ಬೆಂಗಳೂರಿನ ಕಾಲಂನಲ್ಲಿ ಉಳಿದುಕೊಂಡ ಸಾಲುಗಳನ್ನು ನಾನು ಒಂದೊಂದಾಗಿ ಕಳೆದು, ಕೆಳಗೆ ‘ಉಳಿತಾಯ’ ಅಂತ ಬರೆದಿದ್ದೆ. ಮಾಲೀಕರು ಬೆನ್ನು ತಟ್ಟಿದರು.

ಹವಾಸಾದಲ್ಲಿ ಹೊಲಿಗೆಯ ಲೈನ್ ಶುರುವಾಯಿತು. ಬಹುಪಾಲು ಸುತ್ತಲಿನ ಸಿದಾಮಾ ಹಳ್ಳಿಗಳ ಹುಡುಗಿಯರು. ನೋಡೋಕೆ ಬಾಳೆಗಿಡದಂತೆಯೇ ಇರುವ ಎನ್ಸೆಟ್ ತೋಟಗಳಿಂದ ನೇರ ಮಷಿನ್ ಮುಂದೆ ಬಂದವರು. ಕೆಲಸ ಕಲಿಯೋಕೆ ಮೂರು ತಿಂಗಳು, ಅಷ್ಟರಲ್ಲಿ ಅರ್ಧ ಲೈನ್ ಖಾಲಿ. ‘ಇವರಿಗೆ ದುಡಿಯೋ ಬುದ್ಧಿಯಿಲ್ಲ’ ಅಂತ ನಮ್ಮ ಸೂಪರ್‌ವೈಸರುಗಳು ಶುರು ಹಚ್ಚಿಕೊಂಡರು. ಸುಮ್ನೆ ಹೇಳಬಾರದು, ಮೊದಮೊದಲು ನಾನೂ ತಲೆಯಾಡಿಸಿದ್ದೆ.

ನನ್ನ ಕಣ್ಣು ತೆರೆಸಿದ್ದು ಗಡಿಯಾರ. ಇಥಿಯೋಪಿಯಾದಲ್ಲಿ ಹಗಲಿನ ಲೆಕ್ಕ ಬೆಳಿಗ್ಗೆ ಆರರಿಂದ ಶುರು. ನಮ್ಮ ಎಂಟು ಗಂಟೆ ಅವರಿಗೆ ಎರಡು. ನಾವು ನೇಮಕದ ಆರ್ಡರಿನಲ್ಲಿ ‘8 ಗಂಟೆ’ ಅಂತ ಅಚ್ಚು ಹಾಕಿಸಿದ್ದೆವು. ಕೆಲವರು ಮಧ್ಯಾಹ್ನ ಎರಡಕ್ಕೆ ಬಂದರು, ನಾವು ಸಂಬಳ ಹಿಡಿದೆವು! ಆ ಕಾಗದವೂ ಅಮ್ಹಾರಿಕ್ ಭಾಷೆಯಲ್ಲಿತ್ತು. ಹುಡುಗಿಯರ ಮನೆಮಾತು ಸಿದಾಮಾ. ಹಿಡಿದ ದುಡ್ಡು ವಾಪಸ್ ಕೊಡಿಸಿದೆ. ಆಮೇಲೆ ಸೇರುವವರಿಗೆಲ್ಲ ಕರಾರನ್ನು ಸಿದಾಮಾದಲ್ಲೇ ಓದಿ ಹೇಳೋಕೆ ಒಬ್ಬರನ್ನು ಕೂರಿಸಿದೆ.

ಒಂದು ಭಾನುವಾರ ಅಲ್ಲಿನ ಎಚ್‌ಆರ್ ಮೇಡಂ ಜೊತೆ ಹುಡುಗಿಯರ ರೂಮಿಗೆ ಹೋದೆ. ಒಂದು ಕೋಣೆ, ಐದು ಜನ. ಬಾಡಿಗೆ, ನೀರು, ಇಂಜೆರಾ ರೊಟ್ಟಿ, ಬಸ್ಸು ಅಂತ ಅವರ ಬಾಯಲ್ಲೇ ಕೇಳಿ ನೋಟ್‌ಬುಕ್ಕಿನಲ್ಲಿ ಕೂಡಿದೆ. ಸಂಬಳ ಇಪ್ಪತ್ತನೇ ತಾರೀಖಿಗೆ ಮುಗಿಯುತ್ತಿತ್ತು. ಮುಂದಿನ ಹತ್ತು ದಿನಕ್ಕೆ ಹಳ್ಳಿಯ ಅಪ್ಪ ಅಮ್ಮ ಎನ್ಸೆಟ್ ಹಿಟ್ಟು ಕಳಿಸಬೇಕು. ಅಂದರೆ ನಮ್ಮ ಶರ್ಟಿಗೆ ಸಬ್ಸಿಡಿ ಕೊಡುತ್ತಿದ್ದುದು ಆ ರೈತರು, ಅಲ್ವಾ?

ಮಾಲೀಕರ ಮುಂದೆ ನ್ಯಾಯ ಧರ್ಮ ಅಂದಿದ್ದರೆ ಮೀಟಿಂಗ್ ಐದು ನಿಮಿಷಕ್ಕೆ ಮುಗಿಯುತ್ತಿತ್ತು. ನಾನು ಒಯ್ದದ್ದು ಬೇರೆ ಶೀಟ್. ಒಬ್ಬಳು ಬಿಟ್ಟು ಹೋದರೆ ಹೊಸಬಳಿಗೆ ಕಲಿಸೋಕೆ ಎಷ್ಟು, ಹಾಳಾಗೋ ಪೀಸ್ ಎಷ್ಟು, ಶಿಪ್‌ಮೆಂಟ್ ತಡವಾಗಿ ವಿಮಾನದಲ್ಲಿ ಕಳಿಸಿದರೆ ಎಷ್ಟು. ಮಧ್ಯಾಹ್ನದ ಊಟ, ಬಸ್ಸು ಒಪ್ಪಿದರು. ಮೂಲ ಸಂಬಳ ಏರಿಸೋಕೆ ಒಪ್ಪಲಿಲ್ಲ. ‘ಪಕ್ಕದ ಶೆಡ್‌ನವರು ಏನಂತಾರೆ?’ ಅಂದರು. ಅಲ್ಲಿಗೆ ನಾನೂ ಸುಮ್ಮನಾದೆ. ಬಯರ್‌ಗೆ, ಅಂದರೆ ನಮ್ಮ ಬಟ್ಟೆ ಕೊಳ್ಳೋ ಕಂಪನಿಗೆ, ಪತ್ರ ಬರೆಯಬಹುದಿತ್ತು. ಬರೆಯಲಿಲ್ಲ.

ಇನ್ನೂ ದೊಡ್ಡ ತಪ್ಪು ಬೇರೆಯಿತ್ತು. ಆ ದೇಶದ ಉತ್ತರದ ಟಿಗ್ರೇ ಪ್ರಾಂತ್ಯದ ಯುದ್ಧದ ಕಾರಣಕ್ಕೆ ಅಮೆರಿಕ 2022ರ ಜನವರಿ 1ರಿಂದ ಇಥಿಯೋಪಿಯಾವನ್ನು ಅಗೋವಾದಿಂದ ಕೈಬಿಟ್ಟಿತು. ಆರ್ಡರ್ ನಿಂತವು, ಲೈನ್ ಮುಚ್ಚಬೇಕಾಯಿತು. ನನ್ನ ಯಾವ ಶೀಟಿನಲ್ಲೂ ‘ಮುಚ್ಚುವಾಗ’ ಅನ್ನೋ ಸಾಲೇ ಇರಲಿಲ್ಲ. ಹುಡುಗಿಯರಿಗೆ ಕಾನೂನಿನ ಪ್ರಕಾರ ಬರಬೇಕಾದಷ್ಟು ಕೊಟ್ಟೆವು. ಅದಕ್ಕಿಂತ ಒಂದು ಬಿರ್ರೂ (ಅಲ್ಲಿನ ನಾಣ್ಯ) ಜಾಸ್ತಿ ಇಲ್ಲ.

ಕೊನೆಯ ದಿನ ಸಹಿ ಹಾಕಿಸಿಕೊಂಡು ಕತ್ತರಿ, ಐಡಿ ಕಾರ್ಡ್ ವಾಪಸ್ ತಗೊಳ್ಳುತ್ತಿದ್ದೆವು. ಕಾಲರ್ ಸೆಕ್ಷನ್ನಿನ ಹುಡುಗಿಯೊಬ್ಬಳು ಏನೋ ಕೇಳಿದಳು. ಎಚ್‌ಆರ್ ಮೇಡಂ ನನ್ನ ಕಡೆ ತಿರುಗಿ ಹೇಳಿದರು: ‘ನಾಳೆಯೂ ಎರಡು ಗಂಟೆಗೇ ಬರಬೇಕಾ ಅಂತ ಕೇಳ್ತಿದಾಳೆ.’