ಗಾಲ್ಫ್‌ನಲ್ಲಿ ಗೆಳೆಯರ ಬೆಟ್: ಮೊದಲ ಟೀಯಿಂದ ಲೆಕ್ಕ ಚುಕ್ತಾ ಆಗುವವರೆಗೆ

ಗಾಲ್ಫ್‌ನಲ್ಲಿ 18 ಹೋಲ್ ಮುಗಿಸಲು ನಾಲ್ಕು ಗಂಟೆ ಬೇಕೇ ಬೇಕು. ಏಳನೇ ಹೋಲ್ ಹೊತ್ತಿಗೇ ಒಬ್ಬರು ಪೂರ್ತಿ ಹಿಂದೆ ಬಿದ್ದರೆ ಉಳಿದ ಹೊತ್ತು ಇಬ್ಬರಿಗೂ ಬೋರು. ಗೆದ್ದವರಿಗೆ ಆಟದಲ್ಲಿ ಮನಸ್ಸಿಲ್ಲ, ಸೋತವರಿಗೆ ಮನೆಯ ನೆನಪು. ಭಾನುವಾರದ ಆಟಗಾರರು ಸಣ್ಣದೊಂದು ಬೆಟ್ ಕಟ್ಟುವುದು ಹೆಚ್ಚಾಗಿ ಇದಕ್ಕೇ. ಚೆನ್ನಾಗಿ ಕಟ್ಟಿದ ಬೆಟ್‌ನಲ್ಲಿ ಹಿಂದೆ ಬಿದ್ದವರಿಗೂ ಕೊನೆಯ ಹೋಲ್‌ವರೆಗೆ ಆಸೆ ಉಳಿಯುತ್ತದೆ. ಕೆಟ್ಟದಾಗಿ ಕಟ್ಟಿದರೆ ಕ್ಲಬ್‌ಹೌಸ್‌ನಲ್ಲಿ ಮುಖ ಗಂಟು ಹಾಕಿಕೊಂಡು ಕಾಫಿ ಕುಡಿಯಬೇಕಾಗುತ್ತದೆ. ಎರಡಕ್ಕೂ ಇರುವ ವ್ಯತ್ಯಾಸ ಬಹುಪಾಲು ಮೊದಲ ಟೀ (ಹೋಲ್‌ನ ಮೊದಲ ಹೊಡೆತ ಹೊಡೆಯುವ ಜಾಗ) ಮೇಲೆಯೇ ತೀರ್ಮಾನವಾಗುತ್ತದೆ.

ಹಂತ 1: ಮೊತ್ತ ಮೊದಲೇ ಮಾತಾಡಿ

ಬೆಟ್ ಎಷ್ಟಿರಬೇಕು? ಸೋತವರು ಮನೆಯಲ್ಲಿ ಹೇಳಿಕೊಳ್ಳಲು ಅಂಜದಷ್ಟು. ಗುಂಪಿನಲ್ಲಿ ಎಲ್ಲರಿಗಿಂತ ಕಡಿಮೆ ಸಂಬಳದವರು ಯಾರೋ, ಅವರಿಗೆ ಆರಾಮ ಅನ್ನಿಸುವ ಮೊತ್ತವೇ ಸರಿಯಾದ ಮೊತ್ತ. ಅವರ ಬಾಯಿಂದಲೇ ಅದು ಬರಲಿ. ದುಡ್ಡೇ ಬೇಕೆಂದೂ ಇಲ್ಲ. ಸೋತವರು ತಿಂಡಿ ಕೊಡಿಸಬಹುದು, ಮೂರು ಚೆಂಡಿನ ಒಂದು ಪ್ಯಾಕ್ ಕೊಡಬಹುದು. ಆಡುವುದಿಲ್ಲ ಅಂದವರನ್ನು ಒತ್ತಾಯಿಸಬೇಡಿ. ಅವರು ಪಕ್ಕದಲ್ಲಿ ಸುಮ್ನೆ ಆಡಿಕೊಂಡು ಬರಲಿ, ಏನೂ ನಷ್ಟವಿಲ್ಲ.

ಗಾಲ್ಫ್ ನಿಯಮಗಳನ್ನು ರೂಪಿಸುವ ಅಮೆರಿಕದ ಯುಎಸ್‌ಜಿಎ ಮತ್ತು ಸ್ಕಾಟ್ಲೆಂಡಿನ ಆರ್ ಅಂಡ್ ಎ ಸಂಸ್ಥೆಗಳು ಇಂಥ ಬೆಟ್‌ಗೆ ಅಡ್ಡ ಬಂದಿಲ್ಲ. ಆಡುವವರು ಒಬ್ಬರಿಗೊಬ್ಬರು ಪರಿಚಿತರಾಗಿರಬೇಕು, ಇಷ್ಟಪಟ್ಟು ಸೇರಿರಬೇಕು, ದುಡ್ಡು ಆಡುವವರ ಜೇಬಿನದೇ ಆಗಿರಬೇಕು, ಮೊತ್ತ ಅತಿಯಾಗಬಾರದು. ಅವರು ಬಹಳ ವರ್ಷಗಳಿಂದ ಹೇಳುತ್ತ ಬಂದಿರುವುದು ಹೆಚ್ಚುಕಡಿಮೆ ಇಷ್ಟೇ. ಆದರೆ ಕ್ಲಬ್‌ಗೆ ಅದರದೇ ನಿಯಮವಿರಬಹುದು. 1876ರ ಬೆಂಗಳೂರು ಗಾಲ್ಫ್ ಕ್ಲಬ್ ಇರಲಿ, ಮೈಸೂರು, ಕೊಡಗಿನ ಕ್ಲಬ್‌ಗಳಿರಲಿ, ನ್ಯೂಜೆರ್ಸಿಯ ಕನ್ನಡಿಗರು ಶನಿವಾರ ಹೋಗುವ ಸಾರ್ವಜನಿಕ ಕೋರ್ಸ್ ಇರಲಿ, ಹೊಸಬರಾದರೆ ಒಂದು ಮಾತು ಕೇಳಿಕೊಳ್ಳಿ. ಅಲ್ಲಿನ ಕಾನೂನೂ ಒಂದೊಂದು ಕಡೆ ಒಂದೊಂದು ಥರ.

ಪರಿಚಯವಿಲ್ಲದವರು ತಾವಾಗಿಯೇ ಬಂದು "ಬೆಟ್ ಕಟ್ಟೋಣವಾ?" ಅಂದರೆ ನಗುತ್ತಲೇ ಬೇಡ ಅನ್ನಿ.

ಹಂತ 2: ಸ್ಟ್ರೋಕ್ ಎಷ್ಟು ಕೊಡಬೇಕು?

ನಿಜವಾದ ಆಟ ಇಲ್ಲಿದೆ. ಇಬ್ಬರ ಮಟ್ಟ ಬೇರೆ ಬೇರೆ ಇದ್ದರೂ ಸಮಬಲದ ಆಟ ಆಡಬಹುದು ಅನ್ನುವುದೇ ಗಾಲ್ಫ್‌ನ ಸೊಗಸು. ಅದಕ್ಕಿರುವ ಉಪಾಯ ಹ್ಯಾಂಡಿಕ್ಯಾಪ್, ಅಂದರೆ ಕಡಿಮೆ ಮಟ್ಟದವರಿಗೆ ಸಿಗುವ ಸ್ಟ್ರೋಕ್‌ಗಳ (ಹೊಡೆತಗಳ) ರಿಯಾಯಿತಿ. 2020ರಿಂದ ಜಗತ್ತಿನ ಬಹುಪಾಲು ದೇಶಗಳಲ್ಲಿ ಒಂದೇ ಪದ್ಧತಿ ಇದೆ. ನಿಮ್ಮ ಕೊನೆಯ 20 ಸುತ್ತುಗಳಲ್ಲಿ ಅತ್ಯುತ್ತಮವಾದ 8ರ ಸರಾಸರಿಯಿಂದ ಹ್ಯಾಂಡಿಕ್ಯಾಪ್ ಇಂಡೆಕ್ಸ್ ಬರುತ್ತದೆ. ಹೆಚ್ಚೆಂದರೆ 54.

ಈ ಇಂಡೆಕ್ಸನ್ನು ಹಾಗೇ ಬಳಸಬಾರದು. ಕೋರ್ಸ್ ಕಷ್ಟವೋ ಸುಲಭವೋ ನೋಡಿ ಬದಲಾಯಿಸಿಕೊಳ್ಳಬೇಕು. ಇಂಡೆಕ್ಸನ್ನು ಆ ಟೀಯ ಸ್ಲೋಪ್ ರೇಟಿಂಗ್‌ನಿಂದ (ಸಾಮಾನ್ಯ ಆಟಗಾರರಿಗೆ ಕೋರ್ಸ್ ಎಷ್ಟು ಕಷ್ಟ ಅನ್ನುವ ಅಂಕಿ) ಗುಣಿಸಿ 113ರಿಂದ ಭಾಗಿಸಿ. ಕೋರ್ಸ್ ರೇಟಿಂಗ್‌ನಿಂದ (ನುರಿತವರಿಗೆ ಬೇಕಾಗುವ ಹೊಡೆತಗಳ ಅಂದಾಜು) ಪಾರ್ (ಕೋರ್ಸ್‌ಗೆ ನಿಗದಿಯಾದ ಹೊಡೆತಗಳು) ಕಳೆದು, ಬಂದದ್ದನ್ನು ಅದಕ್ಕೆ ಸೇರಿಸಿ; ರೇಟಿಂಗೇ ಕಡಿಮೆಯಿದ್ದರೆ ಆ ವ್ಯತ್ಯಾಸವನ್ನು ಕಳೆಯಿರಿ. ಹೆದರಬೇಡಿ, ಕ್ಲಬ್‌ಗಳಲ್ಲಿ ಇದರ ಪಟ್ಟಿ ಹಾಕಿರುತ್ತಾರೆ, ಮೊಬೈಲ್ ಆ್ಯಪ್ ಕೂಡ ಲೆಕ್ಕ ಹಾಕಿಕೊಡುತ್ತದೆ.

ಒಂದು ಉದಾಹರಣೆ. ಭಾವ, ಭಾಮೈದ ಇಬ್ಬರೂ ಆಡಲು ಬಂದಿದ್ದಾರೆ ಅಂದುಕೊಳ್ಳಿ. ಭಾವನ ಇಂಡೆಕ್ಸ್ 8.4, ಭಾಮೈದನದು 16.2. ಸ್ಲೋಪ್ 125, ಕೋರ್ಸ್ ರೇಟಿಂಗ್ 71, ಪಾರ್ 72. ಲೆಕ್ಕ ಹಾಕಿದರೆ ಭಾವನಿಗೆ 8, ಭಾಮೈದನಿಗೆ 17 ಬರುತ್ತದೆ. ವ್ಯತ್ಯಾಸ 9. ಅಂದರೆ ಭಾಮೈದನಿಗೆ ಒಂಬತ್ತು ಹೋಲ್‌ಗಳಲ್ಲಿ ಒಂದೊಂದು ಸ್ಟ್ರೋಕ್ ರಿಯಾಯಿತಿ.

ಯಾವ ಒಂಬತ್ತು? ಸ್ಕೋರ್‌ಕಾರ್ಡ್‌ನಲ್ಲಿ ಪ್ರತಿ ಹೋಲ್‌ನ ಎದುರು 1ರಿಂದ 18ರವರೆಗೆ ಸ್ಟ್ರೋಕ್ ಇಂಡೆಕ್ಸ್ (ಸ್ಟ್ರೋಕ್ ಕೊಡುವ ಕ್ರಮಸಂಖ್ಯೆ) ಇರುತ್ತದೆ. ಅದರಲ್ಲಿ 1ರಿಂದ 9 ಅಂತ ಇರುವ ಹೋಲ್‌ಗಳಲ್ಲಿ. ಬಹಳಷ್ಟು ಕೋರ್ಸ್‌ಗಳಲ್ಲಿ ಬೆಸ ಸಂಖ್ಯೆಗಳು ಮೊದಲ ಒಂಬತ್ತು ಹೋಲ್‌ಗಳಲ್ಲಿ, ಸಮ ಸಂಖ್ಯೆಗಳು ಕೊನೆಯ ಒಂಬತ್ತರಲ್ಲಿ ಇರುತ್ತವೆ. ಹಾಗಿದ್ದರೆ ಮೊದಲರ್ಧದಲ್ಲಿ ಐದು, ಎರಡನೆಯದರಲ್ಲಿ ನಾಲ್ಕು. ಆ ಹೋಲ್‌ಗಳ ಪಕ್ಕ ಆಟಕ್ಕೆ ಮೊದಲೇ ಪೆನ್ಸಿಲ್‌ನಲ್ಲಿ ಚುಕ್ಕೆ ಇಟ್ಟುಬಿಡಿ. "ಇಲ್ಲಿ ನನಗೆ ಸ್ಟ್ರೋಕ್ ಇತ್ತಲ್ವಾ ಭಾವ?" ಅಂತ ಗ್ರೀನ್ (ಕುಳಿಯ ಸುತ್ತಲಿನ ನುಣುಪು ಹುಲ್ಲಿನ ಜಾಗ) ಮೇಲೆ ನಿಂತು ನೆನಪಿಸುವುದು ಯಾರಿಗೂ ಚೆನ್ನಾಗಿರಲ್ಲ.

ಇನ್ನೊಂದು ವಿಷಯ ನೇರವಾಗಿ ಹೇಳಬೇಕು. ಬೇಕಂತಲೇ ಕೆಟ್ಟ ಸ್ಕೋರ್‌ಗಳನ್ನು ಮಾತ್ರ ದಾಖಲಿಸಿ ಹ್ಯಾಂಡಿಕ್ಯಾಪ್ ಉಬ್ಬಿಸಿಕೊಳ್ಳುವವರಿದ್ದಾರೆ. ಗಾಲ್ಫ್ ಲೋಕದಲ್ಲಿ ಅವರಿಗೆ ಸ್ಯಾಂಡ್‌ಬ್ಯಾಗರ್ ಅಂತ ಹೆಸರು. ಚೆಂಡನ್ನು ಕಾಲಲ್ಲಿ ತಳ್ಳಿದವರನ್ನಾದರೂ ಜನ ಕ್ಷಮಿಸಿಯಾರು, ಇವರನ್ನು ಮಾತ್ರ ಇಲ್ಲ. ಹ್ಯಾಂಡಿಕ್ಯಾಪ್ ಇಲ್ಲದ ಹೊಸಬರು ಬಂದರೆ ಅಂದಾಜಿನ ಮೇಲೆ ಸ್ಟ್ರೋಕ್ ಕೊಡಿ. ಒಂಬತ್ತು ಹೋಲ್ ಆದ ಮೇಲೆ ಒಮ್ಮೆ ತಿದ್ದಿಕೊಳ್ಳುತ್ತೇವೆ ಅಂತ ಮುಂಚೆಯೇ ಹೇಳಿರಿ.

ಹಂತ 3: ನಾಸೋದಿಂದ ಶುರು ಮಾಡಿ

ಬೆಟ್‌ಗಳಲ್ಲಿ ಹತ್ತಾರು ಬಗೆಯಿದೆ. ಮೊದಲು ಕಲಿಯಬೇಕಾದದ್ದು ನಾಸೋ. ಅಮೆರಿಕದ ಲಾಂಗ್ ಐಲ್ಯಾಂಡ್‌ನ ನಾಸೋ ಕಂಟ್ರಿ ಕ್ಲಬ್‌ನಲ್ಲಿ 1900ರ ಆಸುಪಾಸು ಇದು ಹುಟ್ಟಿತು. ಅಲ್ಲಿನ ದೊಡ್ಡ ಮನುಷ್ಯರು ಹೀನಾಯವಾಗಿ ಸೋತ ಸುದ್ದಿ ಪೇಪರಿನಲ್ಲಿ ಬರುತ್ತಿತ್ತಂತೆ. ಎಷ್ಟೇ ಕೆಟ್ಟದಾಗಿ ಆಡಿದರೂ 3-0ಗಿಂತ ಹೆಚ್ಚು ಸೋಲದ ಹಾಗೆ ಏರ್ಪಾಡು ಮಾಡಿಕೊಂಡರು ಅನ್ನುವ ಕತೆಯಿದೆ. ನಿಜವೋ ಸುಳ್ಳೋ, ಉಪಾಯವಂತೂ ಚೆನ್ನಾಗಿದೆ.

ನಾಸೋ ಅಂದರೆ ಒಂದೇ ಸುತ್ತಿನಲ್ಲಿ ಮೂರು ಬೆಟ್. ಮೊದಲ ಒಂಬತ್ತು ಹೋಲ್‌ಗೆ ಒಂದು, ಕೊನೆಯ ಒಂಬತ್ತಕ್ಕೆ ಇನ್ನೊಂದು, ಪೂರ್ತಿ 18ಕ್ಕೆ ಮತ್ತೊಂದು. 100 ರೂಪಾಯಿಯ ನಾಸೋ ಅಂದರೆ ಪ್ರತಿಯೊಂದಕ್ಕೂ 100. ಮೂರನ್ನೂ ಸೋತರೆ 300 ಹೋಯಿತು, ಅಷ್ಟೇ.

ಇಲ್ಲಿ ಒಟ್ಟು ಹೊಡೆತ ಎಣಿಸುವುದಿಲ್ಲ, ಗೆದ್ದ ಹೋಲ್ ಎಣಿಸುತ್ತಾರೆ. ಒಂದು ಹೋಲ್‌ನಲ್ಲಿ ಭಾವ 4 ಹೊಡೆದ, ಭಾಮೈದ 5 ಹೊಡೆದ ಅನ್ನಿ. ಅಲ್ಲಿ ಭಾಮೈದನಿಗೆ ಸ್ಟ್ರೋಕ್ ಇದ್ದರೆ ಅವನದೂ 4, ಹೋಲ್ ಸಮ. ಸ್ಟ್ರೋಕ್ ಇಲ್ಲದಿದ್ದರೆ ಭಾವ ಒಂದು ಹೋಲ್ ಮುಂದೆ. ಭಾಮೈದ ಒಂದೇ ಹೋಲ್‌ನಲ್ಲಿ 11 ಹೊಡೆದರೂ ಹೋಗುವುದು ಅದೊಂದೇ ಹೋಲ್. ಮುಂದಿನ ಟೀಯಲ್ಲಿ ಎಲ್ಲ ಹೊಸದು. ಮಧ್ಯಮ ದರ್ಜೆಯ ಆಟಗಾರರಿಗೆ ಇದಕ್ಕಿಂತ ಕರುಣೆಯ ಲೆಕ್ಕ ಇಲ್ಲ.

ಹಂತ 4: ಪ್ರೆಸ್ ಮಾಡುವ ಮುನ್ನ ಕೂಡಿಸಿ ನೋಡಿ

ಹಿಂದೆ ಬಿದ್ದವರು ನಡುವೆಯೇ ಹೊಸ ಬೆಟ್ ಕೇಳಬಹುದು. ಅದೇ ಪ್ರೆಸ್. ಹಳೆಯ ಬೆಟ್ ಹಾಗೇ ಮುಂದುವರಿಯುತ್ತದೆ. ಹೊಸದು ಅದೇ ಮೊತ್ತಕ್ಕೆ, ಆ ಒಂಬತ್ತರಲ್ಲಿ ಉಳಿದ ಹೋಲ್‌ಗಳಿಗೆ ಮಾತ್ರ. ಸಾಮಾನ್ಯವಾಗಿ ಎರಡು ಹೋಲ್ ಹಿಂದೆ ಇದ್ದಾಗ ಕೇಳುತ್ತಾರೆ.

ನಮ್ಮ ಜೋಡಿಯನ್ನೇ ನೋಡೋಣ. ಆರು ಹೋಲ್ ಮುಗಿದಾಗ ಭಾಮೈದ ಎರಡು ಹಿಂದೆ. "ಭಾವ, ಪ್ರೆಸ್" ಅಂದ. "ಆಯ್ತು, ಆಡು ಬಾರಯ್ಯ" ಅಂದರು ಭಾವ. ಏಳನೆಯದನ್ನು ಭಾಮೈದ ಗೆದ್ದ, ಎಂಟನೆಯದು ಸಮ, ಒಂಬತ್ತನೆಯದನ್ನು ಮತ್ತೆ ಗೆದ್ದ. ಪ್ರೆಸ್ ಅವನ ಪಾಲಿಗೆ, 100 ರೂಪಾಯಿ. ಮೊದಲಿನ ಬೆಟ್ ಸಮವಾಯಿತು, ಯಾರಿಗೂ ಇಲ್ಲ. ಕೊನೆಯ ಒಂಬತ್ತನ್ನು ಭಾವ ಎರಡು ಹೋಲ್‌ಗಳಿಂದ ಗೆದ್ದರು, 100. ಹಾಗಾಗಿ ಒಟ್ಟು 18ರಲ್ಲೂ ಅವರೇ ಎರಡು ಮುಂದೆ, ಇನ್ನೊಂದು 100. ಇದರಲ್ಲಿ ಪ್ರೆಸ್‌ನ 100 ಕಳೆದರೆ ಭಾಮೈದ ಕೊಡಬೇಕಾದದ್ದು 100 ರೂಪಾಯಿ. ನಾಲ್ಕು ಗಂಟೆಯ ಆಟಕ್ಕೆ ದುಬಾರಿಯೇನಲ್ಲ.

ಈಗ ಎಚ್ಚರಿಕೆಯ ಮಾತು. ಕೆಲವು ಗುಂಪುಗಳಲ್ಲಿ ಎರಡು ಹೋಲ್ ಹಿಂದೆ ಬಿದ್ದ ತಕ್ಷಣ ಪ್ರೆಸ್ ತಾನಾಗಿಯೇ ಶುರುವಾಗುತ್ತದೆ. ಆ ಪ್ರೆಸ್‌ನಲ್ಲೂ ಎರಡು ಹಿಂದೆ ಬಿದ್ದರೆ ಇನ್ನೊಂದು. ಒಬ್ಬರು ಒಂಬತ್ತಕ್ಕೆ ಒಂಬತ್ತೂ ಸೋತರು ಅಂದುಕೊಳ್ಳಿ. ಮೂಲ ಬೆಟ್ ಒಂದು. ಮೂರು, ಐದು, ಏಳು, ಒಂಬತ್ತನೇ ಹೋಲ್‌ಗಳಲ್ಲಿ ಶುರುವಾದ ಪ್ರೆಸ್‌ಗಳು ನಾಲ್ಕು. ಅಲ್ಲಿಗೇ 500 ರೂಪಾಯಿ. ಎರಡನೇ ಅರ್ಧದಲ್ಲೂ ಹಾಗೇ ಆದರೆ ಇನ್ನೊಂದು 500. ಒಟ್ಟು ಬೆಟ್‌ನ 100 ಸೇರಿದರೆ 1,100. ಶುರುವಿನಲ್ಲಿ ಹೇಳಿದ್ದು 300 ಅಲ್ವಾ? ಅದಕ್ಕೇ ಒಂದು ಅರ್ಧಕ್ಕೆ ಒಂದೇ ಪ್ರೆಸ್ ಅಂತ ಕಟ್ಟು ಹಾಕಿಕೊಳ್ಳುವುದು ಒಳ್ಳೆಯದು. 18ನೇ ಟೀಯಲ್ಲಿ "ಡಬಲ್ಲಾ?" ಅನ್ನುವವರಿಗೆ ನಾನಂತೂ ಇಲ್ಲ ಅನ್ನುತ್ತೇನೆ.

ಹಂತ 5: ಹತ್ತಿರದ ಪಟ್ ಕೊಡುವುದು

ಗ್ರೀನ್ ಮೇಲೆ ಚೆಂಡನ್ನು ಕುಳಿಯತ್ತ ಉರುಳಿಸುವ ಹೊಡೆತವೇ ಪಟ್. ಚೆಂಡು ಕುಳಿಯ ಬಾಯಲ್ಲೇ ಇದ್ದರೆ "ತಗೊಳ್ಳಿ, ಆಯ್ತು" ಅಂತ ಎದುರಾಳಿ ಹೇಳುವುದು, ಅಂದರೆ ಹೊಡೆಯದೆಯೇ ಮುಂದಿನ ಹೊಡೆತಕ್ಕೆ ಕುಳಿಗೆ ಬಿದ್ದಂತೆ ಎಣಿಸುವುದು ವಾಡಿಕೆ. ಹೋಲ್ ಲೆಕ್ಕದ ಆಟದಲ್ಲಿ ಇದಕ್ಕೆ ನಿಯಮದ ಒಪ್ಪಿಗೆಯಿದೆ. ಒಮ್ಮೆ ಕೊಟ್ಟದ್ದನ್ನು ಹಿಂದಕ್ಕೆ ಪಡೆಯುವಂತಿಲ್ಲ, ಬೇಡ ಅನ್ನುವಂತೆಯೂ ಇಲ್ಲ. ಅಮೆರಿಕ ಮತ್ತು ಬ್ರಿಟನ್ ತಂಡಗಳ ನಡುವಿನ 1969ರ ರೈಡರ್ ಕಪ್‌ನಲ್ಲಿ, ಇಂಗ್ಲೆಂಡಿನ ರಾಯಲ್ ಬರ್ಕ್‌ಡೇಲ್‌ನಲ್ಲಿ, ಅಮೆರಿಕದ ಜಾಕ್ ನಿಕ್ಲಾಸ್ ಕೊನೆಯ ಹೋಲ್‌ನಲ್ಲಿ ಬ್ರಿಟನ್‌ನ ಟೋನಿ ಜಾಕ್ಲಿನ್‌ಗೆ ಹೀಗೆ ಒಂದು ಸಣ್ಣ ಪಟ್ ಕೊಟ್ಟರು. ಇಡೀ ಕಪ್ 16-16ರಲ್ಲಿ ಸಮವಾಯಿತು. ಅಮೆರಿಕ ತಂಡದ ಕೆಲವರಿಗೆ ಅದು ಹಿಡಿಸಲಿಲ್ಲ.

ನೂರು ರೂಪಾಯಿ ಆಟದಲ್ಲಿ ಜಗಳ ಬರುವುದು ಇಲ್ಲೇ. ಮೊದಲ ಹೋಲ್‌ನಲ್ಲಿ ಮೂರಡಿ ಪಟ್ ಕೊಡುತ್ತಾರೆ, 17ರಲ್ಲಿ ಎರಡಡಿಗೂ "ಹೊಡೀರಿ ನೋಡೋಣ" ಅನ್ನುತ್ತಾರೆ. ಪಟರ್ ಹಿಡಿಕೆಯ ಉದ್ದದೊಳಗೆ ಇದ್ದರೆ ಕೊಡೋಣ ಅಂತ ಮೊದಲೇ ಒಪ್ಪಿಕೊಂಡರೆ ಆ ತಕರಾರಿಲ್ಲ. ಆದರೆ ಅದೇ ದಿನ ಕ್ಲಬ್‌ನ ಸ್ಟ್ರೋಕ್ ಪ್ಲೇ (ಒಟ್ಟು ಹೊಡೆತ ಎಣಿಸುವ) ಸ್ಪರ್ಧೆಯೂ ಇದ್ದರೆ ಪಟ್ ಕೊಡುವಂತೆಯೇ ಇಲ್ಲ. ಅಲ್ಲಿ ಪ್ರತಿ ಚೆಂಡೂ ಕುಳಿಗೆ ಬೀಳಲೇಬೇಕು.

ಹಂತ 6: ನಾಲ್ಕು ಜನ ಇದ್ದರೆ

ಇಬ್ಬರಿಬ್ಬರ ಜೋಡಿ ಮಾಡಿಕೊಂಡು, ಜೋಡಿಯಲ್ಲಿ ಉತ್ತಮ ಸ್ಕೋರನ್ನು ಮಾತ್ರ ಲೆಕ್ಕಕ್ಕೆ ಹಿಡಿದು ನಾಸೋ ಆಡಬಹುದು. ಒಬ್ಬೊಬ್ಬರೇ ಆಡುವುದಾದರೆ ಸ್ಕಿನ್ಸ್ ಮಜವಾಗಿರುತ್ತದೆ. ಪ್ರತಿ ಹೋಲ್‌ಗೂ ಒಂದು ಬೆಲೆ. ಒಬ್ಬರೇ ಗೆದ್ದರೆ ಉಳಿದ ಮೂವರೂ ಅವರಿಗೆ ಕೊಡಬೇಕು. ಇಬ್ಬರು ಸಮವಾದರೆ ಆ ಹೋಲ್‌ನ ದುಡ್ಡು ಮುಂದಿನದಕ್ಕೆ ಸೇರುತ್ತದೆ. ಹೋಲ್‌ಗೆ 20 ರೂಪಾಯಿ ಇಟ್ಟು ಮೊದಲ ನಾಲ್ಕು ಸಮವಾಗಿ, ಐದನೆಯದನ್ನು ಒಬ್ಬರು ಗೆದ್ದರೆ ಒಬ್ಬೊಬ್ಬರಿಂದ 100ರಂತೆ 300 ಬರುತ್ತದೆ. ಎಷ್ಟೇ ಕೆಟ್ಟರೂ ಒಬ್ಬರ ನಷ್ಟ 360 ದಾಟುವುದಿಲ್ಲ.

ಸ್ಕಿನ್ಸ್‌ನ ರುಚಿ ಜಗತ್ತಿಗೆ ಹತ್ತಿಸಿದ್ದು ಟಿವಿ. 1983ರಲ್ಲಿ ಅಮೆರಿಕದ ಅರಿಜೋನಾದಲ್ಲಿ ಹೆಸರಾಂತ ಆಟಗಾರರಾದ ಆರ್ನಾಲ್ಡ್ ಪಾಮರ್, ಜಾಕ್ ನಿಕ್ಲಾಸ್, ಗ್ಯಾರಿ ಪ್ಲೇಯರ್, ಟಾಮ್ ವ್ಯಾಟ್ಸನ್ ಆಡಿದರು. ಪ್ಲೇಯರ್ ಗೆದ್ದ 1,70,000 ಡಾಲರ್‌ನಲ್ಲಿ 1,50,000 ಬಂದದ್ದು 17ನೇ ಹೋಲ್ ಒಂದರಿಂದಲೇ. ಸಮವಾದ ಹೋಲ್‌ಗಳ ದುಡ್ಡು ಕೂಡುತ್ತ ಬಂದಿತ್ತು. ಆದರೆ ಅವರು ಆಡಿದ್ದು ಪ್ರಾಯೋಜಕರ ದುಡ್ಡಿನಲ್ಲಿ, ನಾವು ಆಡುವುದು ನಮ್ಮ ದುಡ್ಡಿನಲ್ಲಿ.

ಹೊಸಬರಿರುವ ಗುಂಪಿಗೆ ಬಿಂಗೋ ಬ್ಯಾಂಗೋ ಬಾಂಗೋ ಒಳ್ಳೆಯದು. ಹೋಲ್‌ಗೆ ಮೂರು ಅಂಕ. ಮೊದಲು ಗ್ರೀನ್ ಮುಟ್ಟಿದವರಿಗೆ ಒಂದು, ಎಲ್ಲರ ಚೆಂಡೂ ಗ್ರೀನ್‌ಗೆ ಬಂದಾಗ ಧ್ವಜಕ್ಕೆ ಅತಿ ಹತ್ತಿರ ಇರುವವರಿಗೆ ಒಂದು, ಮೊದಲು ಕುಳಿಗೆ ಹಾಕಿದವರಿಗೆ ಒಂದು. ಇದರಲ್ಲಿ ದೂರ ಇರುವವರೇ ಮೊದಲು ಹೊಡೆಯಬೇಕು. ರೆಡಿ ಇದ್ದವರು ಹೊಡೆಯಲಿ ಅಂದರೆ ಆಟವೇ ಕೆಟ್ಟಿತು. ನಿಧಾನಕ್ಕೆ, ಸಣ್ಣ ಸಣ್ಣ ಹೊಡೆತದಲ್ಲಿ ಬರುವವರಿಗೂ ಇಲ್ಲಿ ಅಂಕ ಸಿಗುತ್ತದೆ. ಉತ್ತಮ ಆಟಗಾರರು ಗೊಣಗುತ್ತಾರೆ, ಗೊಣಗಲಿ ಬಿಡಿ.

ಹಂತ 7: ಅಂದಿನ ಲೆಕ್ಕ ಅಂದೇ ಚುಕ್ತಾ

ಲೆಕ್ಕ ಬರೆಯುವವರು ಒಬ್ಬರೇ ಇರಲಿ. ಪ್ರತಿ ಹೋಲ್ ಆದ ಮೇಲೆ ಎಷ್ಟು ಮುಂದೆ, ಎಷ್ಟು ಹಿಂದೆ ಅಂತ ಜೋರಾಗಿ ಹೇಳಲಿ. ಬೆಟ್ ಆಟಗಾರರ ನಡುವೆ ಮಾತ್ರ. ಬ್ಯಾಗ್ ಹೊರುವ ಕ್ಯಾಡಿಯನ್ನು ಅದಕ್ಕೆ ಎಳೆಯಬೇಡಿ, ಸೋತ ಸಿಟ್ಟಿನಲ್ಲಿ ಅವರ ದುಡ್ಡಿಗೆ ಕತ್ತರಿ ಹಾಕಲೂಬೇಡಿ.

ಕ್ಲಬ್‌ಹೌಸ್‌ನಲ್ಲಿ ಕಾಫಿ ಬರುವ ಮೊದಲೇ ಸೋತವರು ಕೊಟ್ಟುಬಿಡಬೇಕು. ನಗದು ಇಲ್ಲ ಅನ್ನುವ ನೆಪ ಈಗ ನಡೆಯಲ್ಲ, ಯುಪಿಐ ಇದೆ. ಬಾಕಿ ಉಳಿಸಿಕೊಂಡರೆ ಕೇಳುವವರಿಗೆ ಮುಜುಗರ, ಕೊಡುವವರಿಗೆ ಮರೆವು. ಕೋರ್ಟಿಗಂತೂ ಹೋಗುವಂತಿಲ್ಲ. 1872ರ ಭಾರತೀಯ ಕರಾರು ಕಾಯ್ದೆಯ 30ನೇ ಸೆಕ್ಷನ್ ಪ್ರಕಾರ ಬಾಜಿಯ ಕರಾರಿಗೆ ಬೆಲೆಯಿಲ್ಲ, ಗೆದ್ದ ದುಡ್ಡು ವಸೂಲಿಗೆ ದಾವೆ ಹೂಡಲು ಬರುವುದಿಲ್ಲ.

ಗೆದ್ದವರು ಕಾಫಿ ಬಿಲ್ ಕೊಡುವುದು ವಾಡಿಕೆ. ಎಷ್ಟೋ ಸಲ ಗೆದ್ದದ್ದಕ್ಕಿಂತ ಬಿಲ್ಲೇ ಜಾಸ್ತಿಯಾಗುತ್ತದೆ. ಇನ್ನು ಟೀಯಿಂದ ಒಂದೇ ಹೊಡೆತಕ್ಕೆ ಚೆಂಡು ಕುಳಿಗೆ ಬಿದ್ದುಬಿಟ್ಟರೆ ಹೊಡೆದವರೇ ಎಲ್ಲರಿಗೂ ಕುಡಿಸಬೇಕು ಅನ್ನುವುದು ಜಗತ್ತಿನಾದ್ಯಂತ ನಡೆದುಬಂದ ಪದ್ಧತಿ. ಜಪಾನಿನಲ್ಲಿ ಈ ಖರ್ಚಿಗೆ ಹೆದರಿ ಗಾಲ್ಫ್ ಆಡುವವರು ವಿಮೆಯನ್ನೇ ಮಾಡಿಸುತ್ತಾರೆ.

ಸ್ಟ್ರೋಕ್ ಜಾಸ್ತಿಯಾಯಿತು, ಕಡಿಮೆಯಾಯಿತು ಅನ್ನುವ ವಾದ ಎತ್ತುವುದಿದ್ದರೆ ದುಡ್ಡು ಕೊಟ್ಟಾದ ಮೇಲೆ ಎತ್ತಿ. ಆಗ ಅದು ಮುಂದಿನ ವಾರದ ಮಾತುಕತೆಯಾಗುತ್ತದೆ. ಭಾಮೈದ "ಇನ್ನೊಂದು ಸ್ಟ್ರೋಕ್ ಸೇರಿಸಿ ಭಾವ" ಅಂತ ಶುರು ಮಾಡಬಹುದು.