ಐಸ್‌ಕ್ರೀಮ್ ಡಬ್ಬಿಯ ಬೆನ್ನು ನೋಡಿ

ಮೇ ತಿಂಗಳಲ್ಲಿ ಪಂಚಗಂಗಾ ರೈಲು ಹತ್ತಿ ಬೆಂಗಳೂರಿನ ಮಕ್ಕಳ ಮನೆಗೆ ಹೊರಡುವ ನಮ್ಮ ಉತ್ತರ ಕನ್ನಡದ ಕಡೆಯವರ ಚೀಲ ನೋಡಬೇಕು. ಅಪ್ಪೆಮಿಡಿ ಉಪ್ಪಿನಕಾಯಿ, ಮುರುಗಲ ಸಿಪ್ಪೆ, ಹುಲ್ಲಿನಲ್ಲಿ ಸುತ್ತಿದ ಈಶಾಡು ಮಾವಿನ ಹಣ್ಣು. ಇಷ್ಟೆಲ್ಲ ಹೊತ್ತುಕೊಂಡು ಹೋದವರು ಸಂಜೆ ಮೊಮ್ಮಕ್ಕಳ ಜೊತೆ ಸೂಪರ್ ಮಾರ್ಕೆಟ್ಟಿನ ಫ್ರೀಜರ್ ಮುಂದೆ ನಿಂತು, ಚಿತ್ರ ಚೆಂದ ಇರುವ ಡಬ್ಬಿ ಎತ್ತಿಕೊಳ್ಳುತ್ತಾರೆ.

ಶಿರಸಿಯ ನಮ್ಮ ಭಾವನವರಿಗೆ ಶುಗರ್ ಇದೆ. ಹೋದ ವರ್ಷ ಬೆಂಗಳೂರಿನಲ್ಲಿ ಸಕ್ಕರೆ ಹಾಕದ ಐಸ್‌ಕ್ರೀಮ್ ಸಿಕ್ಕಿತು. "ಸಕ್ಕರೆನೇ ಇಲ್ಲೆ, ಇನ್ನೆಂತ ಹೆದರಿಕೆ?" ಎಂದು ಅರ್ಧ ಡಬ್ಬಿ ಮುಗಿಸಿದರು. ರಾತ್ರಿಯಿಡೀ ಬಾತ್‌ರೂಮಿಗೆ ಓಡಾಟ. ಡಬ್ಬಿಯ ಹಿಂದೆ ಮಾಲ್ಟಿಟಾಲ್ ಎಂದು ಸಣ್ಣಕ್ಷರದಲ್ಲಿ ಬರೆದಿತ್ತು, ಸಕ್ಕರೆಯ ಬದಲು ಹಾಕುವ ಸಿಹಿ ಅದು. ಇಂಥ ಸಿಹಿ ಜಾಸ್ತಿಯಾದರೆ ಹೊಟ್ಟೆ ಕೆಡುತ್ತದೆ. ಸಕ್ಕರೆಯಷ್ಟಲ್ಲದಿದ್ದರೂ ರಕ್ತದ ಸಕ್ಕರೆಯನ್ನು ಅದೂ ಏರಿಸುತ್ತದೆ. ಪಿಷ್ಟದಿಂದ ಮಾಡುವ ಮಾಲ್ಟೋಡೆಕ್ಸ್‌ಟ್ರಿನ್ ಪುಡಿಯ ಹೆಸರು ಕಂಡರಂತೂ ಡಬ್ಬಿ ವಾಪಸ್ ಇಡಿ. ಲೆಕ್ಕದಲ್ಲಿ ಅದು ಸಕ್ಕರೆ ಅಲ್ಲ, ಆದರೆ ಹೊಟ್ಟೆಗೆ ಹೋದಮೇಲೆ ಸಕ್ಕರೆಯ ಹಾಗೇ.

ಹಾಗಾದರೆ ಆರಿಸುವುದು ಹೇಗೆ? ಮೊದಲು ಡಬ್ಬಿಯ ಮೇಲೆ 'ಐಸ್‌ಕ್ರೀಮ್' ಅಂತ ಇದೆಯೋ 'ಫ್ರೋಜನ್ ಡೆಸರ್ಟ್' ಅಂತಲೋ ನೋಡಿ. ಬರೀ ಐಸ್‌ಕ್ರೀಮ್ ಅನ್ನಬೇಕಾದರೆ ಕನಿಷ್ಠ ಶೇ 10ರಷ್ಟು ಹಾಲಿನ ಕೊಬ್ಬು ಇರಬೇಕು ಅನ್ನುತ್ತದೆ ನಮ್ಮ ಆಹಾರ ಸುರಕ್ಷತಾ ನಿಯಮ. ಇನ್ನೊಂದರಲ್ಲಿ ಇರುವುದು ತಾಳೆ ಎಣ್ಣೆಯಂಥ ಸಸ್ಯದ ಕೊಬ್ಬು. ಅದೇನೂ ವಿಷವಲ್ಲ. ಆದರೆ ಹಾಲಿಗೆ ದುಡ್ಡು ಕೊಟ್ಟು ಎಣ್ಣೆ ತಿನ್ನುವುದು ಯಾಕೆ, ಅಲ್ವಾ? ಕೊಬ್ಬು ಕಡಿಮೆ ಬೇಕಿದ್ದರೆ 'ಲೋ ಫ್ಯಾಟ್' ಐಸ್‌ಕ್ರೀಮ್ ಸಿಗುತ್ತದೆ, ಅದರಲ್ಲಿ ಶೇ 2.5 ದಾಟುವಂತಿಲ್ಲ.

ಎಲ್ಲರೂ ಎಡವುವುದು ಇದರ ಮುಂದೆ, ಸಕ್ಕರೆಯ ಲೆಕ್ಕದಲ್ಲಿ. ಡಬ್ಬಿ ಮಾರುವುದು ಮಿಲಿಲೀಟರಿನಲ್ಲಿ, ಅದರ ಬೆನ್ನ ಮೇಲಿನ ಪೋಷಕಾಂಶದ ಪಟ್ಟಿ ಇರುವುದು ಸಾಮಾನ್ಯವಾಗಿ 100 ಗ್ರಾಂಗೆ. ಎರಡೂ ಒಂದೇ ಅಂದುಕೊಂಡರೆ ಕೆಟ್ಟಿರಿ. ಐಸ್‌ಕ್ರೀಮಿನಲ್ಲಿ ಗಾಳಿ ತುಂಬಿರುತ್ತದೆ. ಒಂದು ಲೀಟರ್ ಐಸ್‌ಕ್ರೀಮ್ 525 ಗ್ರಾಂ ತೂಗಿದರೂ ಕಾನೂನಿಗೆ ಸಾಕು. ಅಂದರೆ 700 ಮಿ.ಲೀ. ಡಬ್ಬಿಯಲ್ಲಿ 370 ಗ್ರಾಂ ಮಾತ್ರ ಇರಬಹುದು. ತೂಕವನ್ನು ಅದೇ ಡಬ್ಬಿಯ ಮೇಲೆ ಹುಡುಕಿ.

100 ಮಿ.ಲೀ. ಕಪ್ 55 ಗ್ರಾಂ ತೂಗುತ್ತದೆ, ಪಟ್ಟಿಯಲ್ಲಿ 100 ಗ್ರಾಂಗೆ 20 ಗ್ರಾಂ ಸಕ್ಕರೆ ಎಂದಿದೆ ಅನ್ನಿ. ನೀವು ತಿನ್ನುವುದು 11 ಗ್ರಾಂ, ಸುಮಾರು ಎರಡೂವರೆ ಟೀ ಚಮಚ. ಅದೇ ಪಟ್ಟಿ ಇರುವ ಗಟ್ಟಿ ಕುಲ್ಫಿಯಾದರೆ ಅಷ್ಟೇ ಅಳತೆ 80 ಗ್ರಾಂ ತೂಗಬಹುದು. ಆಗ ಸಕ್ಕರೆ 16 ಗ್ರಾಂ! 'ಶುದ್ಧ, ನೈಸರ್ಗಿಕ' ಅಂತ ಕುಲ್ಫಿಯನ್ನು ಎರಡೆರಡು ತಿನ್ನುವವರಿಗೆ ಈ ಮಾತು. ಪಟ್ಟಿಯಲ್ಲಿ 'ಆಡೆಡ್ ಶುಗರ್' ಸಾಲನ್ನೇ ಹಿಡಿಯಿರಿ, ಯಾಕೆಂದರೆ ಒಟ್ಟು ಸಕ್ಕರೆಯಲ್ಲಿ ಹಾಲಿನದೂ ಸೇರಿರುತ್ತದೆ. ದೊಡ್ಡವರು ಇಡೀ ದಿನಕ್ಕೆ 25 ಗ್ರಾಂ ಒಳಗಿದ್ದರೆ ಒಳ್ಳೆಯದು ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅದರಲ್ಲಿ ಬೆಳಗಿನ ಚಹಾದ್ದೂ ಬಂತು.

ಲೆಕ್ಕ ಬೇಸರವೇ? ಒಂದು ಚಮಚ ಪೂರ್ತಿ ಕರಗಿಸಿ ನೆಕ್ಕಿ ನೋಡಿ. ಗಂಟಲು ಕಟ್ಟುವಷ್ಟು ಸಿಹಿ ಇರುತ್ತದೆ. ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಗೊತ್ತಾಗುವುದು ಕಡಿಮೆ, ಅದಕ್ಕೇ ಜಾಸ್ತಿ ಸುರಿದಿರುತ್ತಾರೆ.

ಫ್ರೋಜನ್ ಯೋಗರ್ಟ್ ಅಂದರೆ ಮೊಸರು, ಮೊಸರು ಅಂದರೆ ಆರೋಗ್ಯ ಎಂದು ಸುಮ್ನೆ ನಂಬಬೇಡಿ, ಅದರ ಬೆನ್ನನ್ನೂ ಓದಿ. ಹಾಲು ಹಾಕದ ಹಣ್ಣಿನ ಐಸ್ ಆದ ಸೋರ್ಬೆಯಲ್ಲಿ ಕೊಬ್ಬಿಲ್ಲ, ಸಕ್ಕರೆ ಬೇಕಾದಷ್ಟಿದೆ. ಹಾಲು, ಹಣ್ಣು, ಸಕ್ಕರೆ ಅಂತ ನಾಲ್ಕೈದೇ ಹೆಸರಿರುವ ಐಸ್‌ಕ್ರೀಮಿನ ಚಿಕ್ಕ ಕಪ್ ತಗೊಳ್ಳಿ. ನನ್ನ ಓಟು ಅದಕ್ಕೇ. ಫ್ಯಾಮಿಲಿ ಪ್ಯಾಕ್ ಬೇಡವೇ ಬೇಡ.

ಇಷ್ಟಕ್ಕೂ ಚೀಲದಲ್ಲಿ ಈಶಾಡು ಇದೆಯಲ್ಲ? 2023ರಲ್ಲಿ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಪಡೆದ ನಮ್ಮ ಅಂಕೋಲೆಯ ಕರಿ ಈಶಾಡು! ನಾಲ್ಕು ಹಣ್ಣಿನ ರಸಕ್ಕೆ ಒಂದು ಲೋಟ ಗಟ್ಟಿ ಮೊಸರು, ಚಿಟಿಕೆ ಉಪ್ಪು. ಸಕ್ಕರೆ ಹಾಕಿದರೆ ಹಣ್ಣಿಗೆ ಅವಮಾನ. ಅಗಲ ಸ್ಟೀಲ್ ತಟ್ಟೆಗೆ ಸುರಿದು ಫ್ರೀಜರಿನಲ್ಲಿಟ್ಟು ಅರ್ಧ ಗಂಟೆಗೊಮ್ಮೆ ಫೋರ್ಕಿನಿಂದ ಕೆದಕಿ. ಕೆದಕದೆ ಮಲಗಿದರೆ ಬೆಳಿಗ್ಗೆ ಚಿರೇಕಲ್ಲು ಸಿಗುತ್ತದೆ. ನಾಲ್ಕೈದು ಸಲ ಆದಮೇಲೆ ಉಪ್ಪಿನ ಹರಳಿನ ಹಾಗೆ ಉದುರುದುರಾಗುತ್ತದೆ, ಆಗ ಬಟ್ಟಲಿಗೆ ಹಾಕಿ.

ಭಾವನವರಿಗೆ ಎರಡೇ ಚಮಚ. ಹಣ್ಣಿನಲ್ಲೂ ಸಕ್ಕರೆ ಇರುತ್ತದಲ್ಲ. ಬಟ್ಟಲು ಚಾಚಿದರೂ ಮೂರನೆಯದು ಹಾಕಬೇಡಿ.